ಕೊನೆಯ ನುಡಿಯ ಹೆಸರು

ಬೆಟಗೇರಿಯ ನೇಕಾರರ ಓಣಿಯಲ್ಲಿ, ಒಂದು ಮಾಳಿಗೆಯ ಮೇಲೆ, ನನ್ನ ರೆಕಾರ್ಡಿಂಗ್ ಕೋಣೆ ಇದೆ. ಕೋಣೆ ಎಂದರೆ ಬರೀ ಕೋಣೆಯೇ. ಸ್ಟುಡಿಯೋ ಎಂದು ಬೋರ್ಡು ಹಾಕಿಸುವಷ್ಟು ಧೈರ್ಯ ನನಗೆ ಇನ್ನೂ ಬಂದಿಲ್ಲ. ದನಿ ಗೋಡೆಗೆ ಬಡಿದು ತಿರುಗಿ ಬರಬಾರದೆಂದು ಸುತ್ತಲೂ ಹಳೆಯ ಕೌದಿಗಳನ್ನು ತೂಗುಬಿಟ್ಟಿದ್ದೇನೆ. ಹೆಚ್ಚಿನವು ನಮ್ಮ ಅಜ್ಜಿ ಹೊಲಿದವು. ಮೊದಲ ಸಲ ಬಂದವರು ಅವನ್ನು ನೋಡಿ, "ಇಲ್ಲಿ ಹಾಡಸ್ತೀರೋ, ಮಲಗಸ್ತೀರೋ?" ಎಂದು ಕೇಳಿಯೇ ಕೇಳುತ್ತಾರೆ. ಕೆಳಗೆ ಮಗ್ಗಗಳು ದಿನವಿಡೀ ಖಟಖಟ ಅನ್ನುತ್ತಿರುತ್ತವೆ. ನೇಕಾರರು ಮಧ್ಯಾಹ್ನ ಊಟಕ್ಕೆ ಎದ್ದಾಗ ಮಾತ್ರ ಸದ್ದು ನಿಲ್ಲುತ್ತದೆ. ಅವರು ಊಟ ಮುಗಿಸಿ, ಎಲೆ-ಅಡಿಕೆ ಹಾಕಿಕೊಂಡು ಬರುವುದರೊಳಗೆ ನಾವು ದನಿ ಹಿಡಿದಿಟ್ಟುಕೊಳ್ಳಬೇಕು.

ನಮ್ಮದು ಯಾವ ಕಂಪನಿಯ ಹಂಗೂ ಇಲ್ಲದ ಹಾಡಿನ ಲೋಕ. ಲಕ್ಷ್ಮೇಶ್ವರದಿಂದ, ಶಿರಹಟ್ಟಿಯಿಂದ, ಮುಂಡರಗಿಯ ಹೊಳೆದಂಡೆಯ ಹಳ್ಳಿಗಳಿಂದ ಹಾಡುವವರು ಬಸ್ಸು ಹಿಡಿದು ಬರುತ್ತಾರೆ. ಪದ ಕಟ್ಟುವವರು ಒಬ್ಬರು, ಬಾರಿಸುವವರು ಒಬ್ಬರು. ನಾನು ಕೀಬೋರ್ಡು ನುಡಿಸಿ, ಎಲ್ಲವನ್ನೂ ಕೂಡಿಸಿ, ಹದ ಮಾಡಿ ಕೊಡುತ್ತೇನೆ. ಅವರು ತಮ್ಮ ಚಾನೆಲ್ಲಿಗೆ ತಾವೇ ಏರಿಸಿಕೊಳ್ಳುತ್ತಾರೆ. ಹಾಡು ಜನಕ್ಕೆ ಹಿಡಿಸಿದರೆ ಟ್ರ್ಯಾಕ್ಟರುಗಳಲ್ಲಿ, ಮದುವೆಯ ಮೆರವಣಿಗೆಯಲ್ಲಿ, ಮೆಣಸಿನಕಾಯಿ ಬಿಡಿಸುವ ಹೆಣ್ಣಾಳುಗಳ ಮೊಬೈಲಿನಲ್ಲಿ ಕೇಳತೊಡಗುತ್ತದೆ. ಹಿಡಿಸದಿದ್ದರೆ ಹಾಡಿದವರ ಮನೆಯವರಷ್ಟೇ ಕೇಳುತ್ತಾರೆ.

ಈ ಹಾಡುಗಳಿಗೆಲ್ಲ ಒಂದು ಪದ್ಧತಿ ಉಂಟು. ಕೊನೆಯ ನುಡಿಯಲ್ಲಿ, ಅಂದರೆ ಕಡೆಯ ಚರಣದಲ್ಲಿ, ಹೆಸರುಗಳು ಬರಲೇಬೇಕು. ಯಾವ ಊರಿನ ಪದ, ಕಟ್ಟಿದವರು ಯಾರು, ಹಾಡಿದವರು ಯಾರು, ಬಾರಿಸಿದವರು ಯಾರು, ಇಷ್ಟೂ ರಾಗದಲ್ಲೇ ಬಂದುಹೋಗಬೇಕು. ಹಾಡು ಎಲ್ಲಿಯೋ ಗಾಳಿಗೆ ಹೋಗುವಂಥದ್ದು. ಕೊನೆಯ ನುಡಿ ಕೇಳಿದವರೇ ಮುಂದೆ ಹುಡುಕಿಕೊಂಡು ಬಂದು ಕಾರ್ಯಕ್ರಮಕ್ಕೆ ಕರೆಯುತ್ತಾರೆ. ಹೆಸರು ಬಿಟ್ಟುಹೋದರೆ ನಮ್ಮಲ್ಲಿ ಜಗಳವೇ ಆಗುತ್ತದೆ. ನಮ್ಮ ಪದ ಕಟ್ಟುವ ಅಜ್ಜ, ಕೋಟುಮಚಗಿ ಕಡೆಯ ಒಕ್ಕಲಿಗ, ಒಮ್ಮೆ ತನ್ನ ಹೆಸರು ಮಿಕ್ಸಿಂಗಿನಲ್ಲಿ ಸಣ್ಣಗೆ ಕೇಳಿತೆಂದು ನನ್ನೊಡನೆ ಒಂದು ಇಡೀ ಹಂಗಾಮು ಮಾತು ಬಿಟ್ಟಿದ್ದ.

ಹೊಳೆದಂಡೆಯ ಗಂಡ-ಹೆಂಡತಿ ಇಬ್ಬರು ನನ್ನ ಕೋಣೆಗೆ ವರ್ಷಗಟ್ಟಲೆ ಬಂದವರು. ಕೊರ್ಲಹಳ್ಳಿಯ ಆಚೆಯ ಒಂದು ಹಳ್ಳಿ ಅವರದು. ಅವಳು ಹಾಡುತ್ತಿದ್ದಳು, ಅವನು ಡೋಲಕಿ ಬಾರಿಸುತ್ತಿದ್ದ. ಅವಳ ದನಿ ದೊಡ್ಡದಲ್ಲ. ಆದರೆ ಹತ್ತಿರ ಕೂತು ಹೇಳಿದ ಹಾಗೆ ಇರುತ್ತಿತ್ತು. ಅವನು ಬಾರಿಸುತ್ತಲೇ ಅವಳ ಕಡೆ ನೋಡಿ ಹುಬ್ಬು ಹಾರಿಸುವನು. ಅವಳು ನಗು ತಡೆದುಕೊಂಡು ಹಾಡುವಳು. ಆ ತಡೆದ ನಗು ರೆಕಾರ್ಡಿನಲ್ಲಿ ಕೇಳುತ್ತದೆ. ಹೋದ ವರ್ಷದ ಮಳೆಗಾಲದಲ್ಲಿ ಅವನಿಗೆ ಕಾಮಾಲೆಯಾಯಿತು. ಬೇರು ಕುಡಿಸಿದರು, ಪಥ್ಯ ಮಾಡಿಸಿದರು, ಕೊನೆಗೆ ಗದುಗಿನ ದವಾಖಾನೆಗೂ ತಂದರು. ಉಳಿಯಲಿಲ್ಲ.

ವರ್ಷ ತುಂಬುವತನಕ ಅವಳು ಹಾಡಲು ಬಾಯಿ ಬಿಡಲಿಲ್ಲ. ಆಮೇಲೆ ಒಂದು ದಿನ ಫೋನು ಮಾಡಿದಳು. "ಅಣ್ಣಾರ, ಒಂದ ಪದ ಹಾಡೋದೈತ್ರಿ. ಅತ್ತಿ ಹೂಂ ಅಂದಾರ. ಆದ್ರ ಅವರೂ ಬರ್ತಾರ."

ಆ "ಹೂಂ" ಹೇಗೆ ಬಂತೆಂದು ಅಜ್ಜ ಆಮೇಲೆ ಹೇಳಿದ. ಗಂಡ ಹೋದವಳು ಸ್ಟೇಜು ಹತ್ತುವುದು ಬೇಡವೆಂದು ಮನೆಯ ಹಿರಿಯರೆಲ್ಲ ಅಂದಿದ್ದರಂತೆ. ಅತ್ತೆ ಮಾತ್ರ ಯಾವ ಕಡೆಗೂ ಮಾತಾಡಿರಲಿಲ್ಲ. ಕಡೆಗೆ ಒಂದು ಷರತ್ತು ಹಾಕಿದಳು: ಹಾಡಲಿ, ಆದರೆ ಹಿಂದಿನ ಎಲ್ಲ ಪದಗಳಲ್ಲಿ ಇದ್ದ ಹಾಗೆ ಇದರಲ್ಲೂ ಮಗನ ಹೆಸರು ಇರಬೇಕು. ಹೆಸರಿಲ್ಲದ ಪದ ಹೊರಗೆ ಬಂದರೆ ಅದೇ ಕೊನೆ. ಸೊಸೆ ಮತ್ತೆ ಮೈಕು ಹಿಡಿಯಬಾರದು.

ಅಜ್ಜ ಮೊದಲು ವಿಧವೆಯ ದುಃಖದ ಮೇಲೆ ಒಂದು ಪದ ಕಟ್ಟಿಕೊಟ್ಟಿದ್ದ. ಅವಳು ಅದನ್ನು ಫೋನಿನಲ್ಲೇ ಕೇಳಿ ತಿರುಗಿಸಿದಳು. "ಅಳೋದು ಮನ್ಯಾಗ ಐತ್ರಿ ಅಜ್ಜಾರ. ಹಾಡಾಕ ಬ್ಯಾರೆ ಕೊಡ್ರಿ." ಹಾಗಾಗಿ ಮೆಣಸಿನಕಾಯಿ ಬಿಡಿಸುವ ಹೆಂಗಸರ ಪದ ಗಟ್ಟಿಯಾಯಿತು. ಆದರೆ ಕೊನೆಯ ನುಡಿಯಲ್ಲಿ ಅಜ್ಜನಿಗೆ ತೊಡಕು ಬಂತು. ಡೋಲಕಿ ಬಾರಿಸುವುದು ಈ ಸಲ ನನ್ನ ಯಂತ್ರ. ಇಲ್ಲದವನು ಬಾರಿಸಿದನೆಂದು ಹಾಡಿದರೆ ಸುಳ್ಳಾಗುತ್ತದೆ. ಎರಡು ದಿನ ತಲೆ ಕೆರೆದುಕೊಂಡು ಅಜ್ಜ ಹೊಸೆದು ತಂದ:

ಹೊಳಿದಂಡಿ ಊರಾಗ ಹುಟ್ಟಿದ ಪದವಿದು
ತಾಳವ ಕಲಿಸ್ಯಾನ...

ಇದರ ಮುಂದೆ ಅವನ ಹೆಸರು. "ಬಾರಿಸ್ಯಾನ ಅಲ್ಲ, ಕಲಿಸ್ಯಾನ. ಖರೆ ಹೌದಿಲ್ಲೋ ತಮ್ಮಾ? ಅಕಿಗೆ ತಾಳ ಕಲಿಸಿದಾಂವ ಅಂವನ," ಎಂದು ನನ್ನ ಮುಖ ನೋಡಿದ. ನನಗೂ ಬಹಳ ಚಂದ ಕಂಡಿತು. ಇಬ್ಬರು ಗಂಡಸರು ಸೇರಿ ಒಂದು ನುಡಿಯನ್ನು ಹೀಗೆ ಮೆಚ್ಚಿಕೊಂಡು ಕೂತಿದ್ದೆವು.

ಅವರು ಬಂದರು. ಅತ್ತೆ ಎತ್ತರದ ಹೆಂಗಸು. ತಲೆಯ ಮೇಲಿನ ಸೆರಗು ಜಾರದ ಹಾಗೆ ಕುತ್ತಿಗೆ ನೆಟ್ಟಗಿಟ್ಟುಕೊಂಡು ನಡೆಯುವಳು. ಮೆಟ್ಟಿಲು ಹತ್ತಿ ಬಂದವಳು ಕೌದಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. "ಯಾರು ಹೊಲದಾರ ತಮ್ಮಾ? ಹೊಲಿಗಿ ಚಲೋ ಐತಿ," ಅಂದಳು. ಬಳಿಕ ಬಾಗಿಲ ಪಕ್ಕ ನೆಲದ ಮೇಲೆ ಕೂತಳು. ಖುರ್ಚಿ ಕೊಟ್ಟರೆ ಒಲ್ಲೆನೆಂದಳು.

ಕೆಳಗೆ ಮಗ್ಗಗಳು ನಿಂತವು. ಸೊಸೆ ಹೆಡ್‌ಫೋನು ಹಾಕಿಕೊಂಡಳು. ಮೊದಲ ನುಡಿ ಒಂದೇ ಸಲಕ್ಕೆ ಬಂತು. ವರ್ಷದಿಂದ ಹಾಡದ ಗಂಟಲು. ಅಲ್ಲಲ್ಲಿ ಒರಟಾಗಿತ್ತು, ಆದರೆ ಆ ಒರಟು ಪದಕ್ಕೆ ಹೊಂದುತ್ತಿತ್ತು. ಎರಡನೆಯದು, ಮೂರನೆಯದು. ಅಜ್ಜ ಕಣ್ಣು ಮುಚ್ಚಿ ತೊಡೆಯ ಮೇಲೆ ತಾಳ ಹಾಕುತ್ತಿದ್ದ. ಕೊನೆಯ ನುಡಿ ಬಂತು. "ತಾಳವ ಕಲಿಸ್ಯಾನ" ಅಂದಳು, ನಿಂತುಬಿಟ್ಟಳು.

ಉಸಿರು ಸಾಲಲಿಲ್ಲವೆಂದುಕೊಂಡೆ. ಬಿಸಿನೀರು ಕೊಟ್ಟೆ. ಮತ್ತೆ ಅಲ್ಲೇ ನಿಂತಳು. ಶ್ರುತಿ ಎತ್ತರವಾಯಿತೇನೋ ಎಂದು ಇಳಿಸಿಕೊಟ್ಟೆ. ಅಲ್ಲೇ ನಿಂತಳು. ಅಜ್ಜನಿಗೆ ತನ್ನ ನುಡಿಯ ಮೇಲೆಯೇ ಅನುಮಾನ ಬಂತು. "ಹೆಸರು ಕಡೀಕ ಬಂದು ಭಾರ ಆಗೈತಿ ಕಾಣತೈತಿ. ಮುಂದ ತರೂಣು," ಎಂದು ಸಾಲನ್ನೇ ತಿರುಗಿಸಿ, ಹೆಸರಿನಿಂದಲೇ ಸಾಲು ಶುರುವಾಗುವಂತೆ ಮಾಡಿಕೊಟ್ಟ. ಈಗ ಅವಳು ಸಾಲನ್ನು ಶುರು ಮಾಡಲೇ ಇಲ್ಲ. ತಾಳ ಒಂದು ಸುತ್ತು ಬಂತು, ಮತ್ತೊಂದು ಸುತ್ತು ಬಂತು. ಅವಳು ಮೈಕಿನ ಕಂಬವನ್ನು ಹಿಡಿದುಕೊಂಡು ನಿಂತೇ ಇದ್ದಳು.

"ದುಃಖ ಐತಿ, ಇರಲಿ ಯವ್ವಾ. ಗಟ್ಟಿ ಮನಸು ಮಾಡು," ಅಂದ ಅಜ್ಜ.

"ದುಃಖ ಅಲ್ರಿ ಅಜ್ಜಾರ," ಅಂದಳು ಅವಳು.

ಬಾಗಿಲ ಬಳಿಯಿಂದ ಅತ್ತೆಯ ದನಿ ಬಂತು. "ಮೆಣಸಿನಕಾಯಿ ಎಲ್ಲಾ ಬಾಯಾಗ ಬಂದ್ವು. ನನ್ನ ಮಗನ ಹೆಸರು ಒಂದು ಬರವಲ್ದೇನು?"

ಸೊಸೆ ತಿರುಗಿ ನೋಡಲಿಲ್ಲ. ವಾತಾವರಣ ಬಿಗಿಯಾಗುತ್ತಿದ್ದುದನ್ನು ಕಂಡು ನಾನು, ಹೆಸರು ಹಿಂದೆ ತಾಳಕ್ಕೆ ಹೇಗೆ ಕೂಡುತ್ತಿತ್ತೆಂದು ಕೇಳಿಸಿದರೆ ಸುಲಭವಾದೀತೆಂದು, ಅವರಿಬ್ಬರ ಒಂದು ಹಳೆಯ ಹಾಡು ಹಾಕಿದೆ. ನೇರ ಕೊನೆಯ ನುಡಿಯಿಂದ. ಅವಳ ದನಿ ಊರಿನ ಹೆಸರು ಹೇಳಿತು, ಅಜ್ಜನ ಹೆಸರು ಹೇಳಿತು. ಅಲ್ಲಿ ಅವಳು ಬಿಟ್ಟಳು. ಡೋಲಕಿಯ ಹಿಂದಿನಿಂದ ಅವನ ದನಿ ಎದ್ದು ಬಂದು ಅವಳ ಹೆಸರನ್ನೂ ತನ್ನ ಹೆಸರನ್ನೂ ಕೂಗಿತು.

ಮಗ ಹೋದ ಮೇಲೆ ಅವನ ದನಿಯನ್ನು ತಾಯಿ ಕೇಳಿದ್ದು ಇದೇ ಮೊದಲಂತೆ. ಮನೆಯಲ್ಲಿ ಆ ಹಾಡುಗಳನ್ನು ಯಾರೂ ಹಾಕುತ್ತಿರಲಿಲ್ಲ. ಆ ಯೋಚನೆ ನನಗೆ ಮೊದಲೇ ಬರಬೇಕಿತ್ತು. ಅತ್ತೆ ಅಂಗೈಯನ್ನು ನೆಲಕ್ಕೆ ಊರಿ ಕೂತಿದ್ದಳು.

ಸೊಸೆ ಹೆಡ್‌ಫೋನು ತೆಗೆದು ಕೊರಳಿಗೆ ಇಳಿಬಿಟ್ಟುಕೊಂಡಳು. "ಅತ್ತೀ, ನಾ ಅವರ ಹೆಸರು ಯಾವಾಗ ಅಂದೀನಿ ಹೇಳ್ರಿ? ಲಗ್ನದಾಗ ಎಲ್ಲಾರೂ ಹಿಡದು ಕುಂದರಿಸಿ ಒಡಪಿನ್ಯಾಗ ಗಂಡನ ಹೆಸರು ಹೇಳಿಸಿದ್ರಲ್ಲ, ಅವತ್ತು ಒಮ್ಮೆ ಅಂದಿದ್ದೆ. ಅದ ಮೊದಲು, ಅದ ಕಡೀಕ. ಹಾಡಿನ್ಯಾಗ ತಮ್ಮ ಹೆಸರು ಯಾವತ್ತೂ ತಾವ ಅಂತಿದ್ರು."

ನಾನೂ ಅಜ್ಜನೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಶ್ರುತಿ ಇಳಿಸಿದ್ದೆವು, ನೀರು ಕುಡಿಸಿದ್ದೆವು, ಸಾಲು ತಿರುಗಿಸಿದ್ದೆವು. ಗಂಡನ ಹೆಸರನ್ನು ಹೆಂಡತಿಯ ಬಾಯಿಗೆ ಕೊಟ್ಟಿದ್ದೇವೆಂಬುದು ಇಬ್ಬರಿಗೂ ಹೊಳೆದಿರಲಿಲ್ಲ. ನಮ್ಮ ಅಜ್ಜಿ ಬದುಕಿರುವತನಕ ತನ್ನ ಗಂಡನ ಹೆಸರಿನ ದೇವರನ್ನು ಕೂಡ ಬೇರೆ ಹೆಸರಿನಿಂದ ಕರೆದವಳು. ಅಂಥ ಮನೆಯಲ್ಲಿ ಮಾತು ಕಲಿತವನು ನಾನು.

"ಹೌದು ಖರೆ," ಎಂದಳು ಅತ್ತೆ. ಅವಳ ದನಿಯಲ್ಲಿದ್ದ ಖಾರ ಹೋಗಿತ್ತು. "ನಾನೂ ಅಂದಿಲ್ಲ. ರೇಶನ್ ಅಂಗಡ್ಯಾಗ ಗಂಡನ ಹೆಸರೇನು ಅಂದ್ರ ಬಾಜೂಕಿನಾಕಿನ್ನ ತಿವೀತಿದ್ದೆ. ಅಕಿ ಹೇಳಾಕಿ, ನಾ ಹೆಬ್ಬಟ್ಟು ಒತ್ತಾಕಿ."

ಅಜ್ಜ ನಕ್ಕ. ನಗಬಾರದಿತ್ತೇನೋ ಎಂದು ತಕ್ಷಣ ಸುಮ್ಮನಾದ. ಆಕೆಯೇ ಸ್ವಲ್ಪ ನಕ್ಕಿದ್ದಳು.

ನನಗೆ ತಿಳಿದ ಕೆಲಸದ ದಾರಿಯೊಂದಿತ್ತು, ಅದನ್ನು ಹೇಳಿದೆ. ಹಳೆಯ ಹಾಡಿನಿಂದ ಅವನ ದನಿಯನ್ನು ಕತ್ತರಿಸಿ ಇದರಲ್ಲಿ ಕೂಡಿಸಬಹುದು, ಗುರುತು ಸಹ ಹತ್ತುವುದಿಲ್ಲ. ಸೊಸೆ ಕೂಡಲೇ ತಲೆ ಅಲ್ಲಾಡಿಸಿದಳು. "ಬ್ಯಾಡ್ರಿ ಅಣ್ಣಾರ. ಅವರು ಆ ಪದಕ್ಕ ಬಾರಿಸಿ ಅಂದಿದ್ದು ಅದು. ಈ ಪದಾನ ಅವರು ಕೇಳೇ ಇಲ್ಲ. ಅಲ್ಲಿಂದ ಕಿತ್ತು ಇಲ್ಲಿ ಹಚ್ಚಬ್ಯಾಡ್ರಿ."

"ಹಂಗಾರ ಹೆಸರು ಬಿಟ್ಟು ಹಾಡೂಣೇನು?" ಎಂದ ಅಜ್ಜ ಮೆಲ್ಲಗೆ, ಅತ್ತೆಯ ಕಡೆ ನೋಡುತ್ತ. ಷರತ್ತು ಅವಳದು, ಬಿಡುವುದೂ ಅವಳ ಕೈಯಲ್ಲೇ ಇತ್ತು. ಸೊಸೆ ಹೆಡ್‌ಫೋನಿನ ವೈರನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ನಿಂತಿದ್ದಳು. ಕೆಳಗೆ ನೇಕಾರರು ಬಚ್ಚಲಲ್ಲಿ ಕೈತೊಳೆಯುವ ಸದ್ದು ಕೇಳಿಸಿತು.

ಅತ್ತೆ ಗೋಡೆಗೆ ಕೈಕೊಟ್ಟು ಎದ್ದಳು. "ನಾ ಅಂದ್ರ ನಡೀತೈತೇನು? ಹಡದಾಕಿ ಅನಬಹುದಲ್ಲ."

ಅವಳನ್ನು ಮೈಕಿನ ಮುಂದೆ ನಿಲ್ಲಿಸಿದೆ. ಹೆಡ್‌ಫೋನು ಒಲ್ಲೆನೆಂದಳು, ಸೆರಗು ಜಾರುತ್ತದೆಂದು. ಸೊಸೆ ಪಕ್ಕದಲ್ಲಿ ನಿಂತು, ತಾಳ ಬರುವಾಗ ಭುಜ ಮುಟ್ಟುತ್ತೇನೆ ಎಂದಳು. "ತಾಳವ ಕಲಿಸ್ಯಾನ" ಎಂದು ಮೊದಲಿನ ಸಾಲನ್ನೇ ಅವಳು ಹಾಡಿ, ಅತ್ತೆಯ ಭುಜ ಮುಟ್ಟಿದಳು.

ಆಕೆ ಹಾಡಲಿಲ್ಲ. ಮನೆಯ ಕಟ್ಟೆಯ ಮೇಲೆ ನಿಂತು, ಓಣಿಯ ತುದಿಯಲ್ಲಿ ಆಡುತ್ತಿರುವ ಮಗನನ್ನು ಊಟಕ್ಕೆ ಕರೆಯುವ ಹಾಗೆ ಅವನ ಹೆಸರನ್ನು ಕೂಗಿದಳು. ಕೊನೆಯ ಅಕ್ಷರವನ್ನು ಎಳೆದಳು. ಯಂತ್ರದ ತಾಳ ಅವಳನ್ನು ಬಿಟ್ಟು ಮುಂದೆ ಹೋಯಿತು. ಆ ಕೂಗು ಮುಗಿಯುವವರೆಗೆ ನನ್ನ ಕೈ ಕೀಬೋರ್ಡಿನ ಮೇಲೆ ಹಾಗೇ ಇತ್ತು.

ಅಜ್ಜ, "ಇನ್ನೊಮ್ಮೆ ಯವ್ವಾ, ತಾಳಕ್ಕ ಸರಿ ಕುಂದ್ರಲಿ," ಅಂದ.

"ಇನ್ನೊಮ್ಮೆ ಆಗಂಗಿಲ್ಲ ಯಣ್ಣಾ," ಅಂದಳು. ಹೋಗಿ ತನ್ನ ಜಾಗದಲ್ಲಿ ಕೂತಳು.

ಇದ್ದುದನ್ನೇ ಇಟ್ಟುಕೊಂಡೆ. ಕೂಗು ಬರುವಲ್ಲಿ ಬಾರಿಸುವ ಯಂತ್ರವನ್ನು ಪೂರ್ತಿ ನಿಲ್ಲಿಸಿದೆ. ಆ ಹೆಸರಿಗೆ ತಾಳವಿಲ್ಲ. ಅದು ಮುಗಿದ ಮೇಲೆಯೇ ಡೋಲಕಿ ಮತ್ತೆ ಶುರುವಾಗುತ್ತದೆ. ಉಳಿದ ಸಾಲುಗಳನ್ನು ಸೊಸೆ ಆ ಹೊತ್ತಿನಲ್ಲೇ ಹಾಡಿ ಮುಗಿಸಿದಳು. ಅಜ್ಜನ ಹೆಸರು ಹೇಳಿದಳು. ತನ್ನ ಹೆಸರನ್ನೂ ತಾನೇ ಹೇಳಿದಳು, ಮೊದಲ ಸಲ. ಅದನ್ನೂ ಹೇಳುತ್ತಿದ್ದವನು ಅವನೇ ಅಲ್ಲವೇ. ಕೊನೆಯ ಅಕ್ಷರ ಮುಗಿಯುವ ಹೊತ್ತಿಗೆ ಕೆಳಗೆ ಒಂದು ಮಗ್ಗ ಆಗಲೇ ಶುರುವಾಗಿತ್ತು. ಆ ಸದ್ದು ತುದಿಯಲ್ಲಿ ತುಸು ಸೇರಿದೆ. ತೆಗೆಯಲು ಹೋಗಿದ್ದರೆ ಅವಳ ಹೆಸರಿಗೂ ಪೆಟ್ಟಾಗುತ್ತಿತ್ತು, ಬಿಟ್ಟೆ.

ಅತ್ತೆ ಪೂರ್ತಿ ಹಾಡನ್ನು ಒಂದು ಸಲ ಕೇಳಿದಳು. ಚಹಾ ತರಿಸಿದರೆ ಅರ್ಧ ಕುಡಿದು, ಮುಂಡರಗಿ ಬಸ್ಸು ತಪ್ಪುತ್ತದೆಂದು ಎದ್ದಳು. ಮೆಟ್ಟಿಲಿನ ತನಕ ಹೋದವಳು ನಿಂತು, ಮಗ್ಗಗಳ ಸದ್ದಿಗೆ ದನಿ ಏರಿಸಿ ಅಜ್ಜನಿಗೆ ಹೇಳಿದಳು:

"ಯಣ್ಣಾ, ಮುಂದಿನ ಪದದಾಗ ಅಂವನ ಹೆಸರು ಹಾಕಬ್ಯಾಡ. ಅಕಿದು ಒಂದ ಹಾಕು, ಸಾಕು. ಪ್ರತಿ ಪದಕ್ಕೂ ನಾ ಬಸ್ ಹತ್ತಿ ಬರಾಕ ಆಗಂಗಿಲ್ಲ."

ಸೊಸೆ ಕೆಳಗಿನ ಮೆಟ್ಟಿಲಲ್ಲಿದ್ದಳು. ಮಾತು ಕೇಳಿಸಿತೋ ಇಲ್ಲವೋ ಎಂದು ನಾನು ನೋಡಿದೆ. ಅವಳು ಬಗ್ಗಿ, ಅತ್ತೆಯ ಚಪ್ಪಲಿಗಳನ್ನು ಕಾಲಿಗೆ ಸಿಗುವ ಹಾಗೆ ತಿರುಗಿಸಿ ಇಟ್ಟಳು. ಆಮೇಲೆ ತಲೆ ಎತ್ತಿ, "ಅಜ್ಜಾರ, ಶೀಗಿ ಹುಣ್ಣಿವಿ ಆದ ಮ್ಯಾಲೆ ಬರ್ತೀನ್ರಿ. ಅಷ್ಟರಾಗ ಒಂದು ಕಟ್ಟಿ ಇಡ್ರಿ," ಅಂದಳು.