ಅಪ್ಪಯ್ಯನ ಸ್ವರ

ಇವತ್ತು ಭಾನುವಾರ. ಬ್ರಹ್ಮಾವರದ ಸ್ಟುಡಿಯೋದಲ್ಲಿ ಜಾಹೀರಾತು ಓದುವಾಗ ಮೈಕಿನ ಸ್ಪಂಜಿನಿಂದ ಅಪ್ಪಯ್ಯನ ಮೈಕಿನದೇ ವಾಸನೆ ಬಂತು.

ಅಪ್ಪಯ್ಯ ಜವಳಿ ಅಂಗಡಿಯೊಂದರ ಜೀಪಿನಲ್ಲಿ ಕೂತು, ಕಲ್ಲುಸಕ್ಕರೆ ಚೀಪುತ್ತಾ, ಬಾರ್ಕೂರಿನವರೆಗೂ ಮೈಕಿನಲ್ಲಿ ಪ್ರಚಾರ ಕೂಗುತ್ತಿದ್ದರು. ಒಮ್ಮೆ ಅಂಗಡಿಯ ಧಣಿ, "ದಿನಾ ಗಂಟ್ಲ್ ಎಂತಕೆ ಹರ್ಕಂತ್ರಿ ಮಾರಾಯ್ರೆ?" ಎಂದು ಅವರ ಸ್ವರವನ್ನು ಕ್ಯಾಸೆಟ್ಟಿಗೆ ತುಂಬಿಸಿಕೊಂಡರು. ಮರುದಿನ ಜೀಪು ಅಪ್ಪಯ್ಯನನ್ನು ಹತ್ತಿಸಿಕೊಳ್ಳದೆ, ಅವರದೇ ಸ್ವರದಲ್ಲಿ ಕೂಗುತ್ತಾ ನಮ್ಮ ಮನೆಯೆದುರು ಹಾದುಹೋಯಿತು.

ಕಾಯಿ ತುರಿಯುತ್ತಿದ್ದ ಅಮ್ಮ ತಲೆಯೆತ್ತಲಿಲ್ಲ. "ಹ್ವಾಯ್, ನಿಮ್ ಸ್ವರ ಕೆಲ್ಸಕ್ ಹೋಯ್ತ್ ಕಾಣಿ. ನೀವ್ ಎಂತಕೆ ಕೂಕಂಡದ್ದ್?"

ಅಪ್ಪಯ್ಯ ಎದ್ದು ಕಿಟಕಿ ಮುಚ್ಚಿದರು.

ಈಗ ಕಂಪ್ಯೂಟರು ನನ್ನ ಸ್ವರ ಕಲಿಯುವಷ್ಟು ಓದಿಕೊಡಬೇಕಂತೆ, ಸ್ಟುಡಿಯೋದವರು ಕೇಳಿದ್ದಾರೆ. ನಾನು ಒಲ್ಲೆನೆಂದರೆ ಬೇರೆಯವರ ಸ್ವರ ಸಿಗುತ್ತದಂತೆ. ಓದಿಕೊಡುವುದೆಂದು ತೀರ್ಮಾನಿಸಿದ್ದೇನೆ. ಸ್ಟುಡಿಯೋದವರಿಗೆ ಇನ್ನೂ ಹೇಳಿಲ್ಲ.