ಮೂವತ್ತಾರಕ್ಕೆ ಇಳಿದ ನಾಡಿ

ಗೊತ್ತಿಲ್ಲದ್ದನ್ನೂ ಗೊತ್ತಿದೆ ಎನ್ನುವ ಚಾಳಿ ನನಗೆ ಮೊದಲಿಂದಲೂ ಇದೆ. ಮದುವೆಯಾದ ಹೊಸದರಲ್ಲೇ ನನ್ನ ಹೆಂಡತಿ ಇದನ್ನು ಕಂಡುಹಿಡಿದಳು. ನನಗೆ ಅದು ತಿಳಿಯಲು ಐವತ್ತೊಂದು ವರ್ಷ ಬೇಕಾಯಿತು. ಅದಕ್ಕಾಗಿ ಒಬ್ಬ ಸ್ನೇಹಿತ ನಾಲೆ ಏರಿಯ ಮೇಲೆ ಕುಸಿದು ಬೀಳಬೇಕಾಯಿತು.

ನಾನು ಅಕ್ಕಸಾಲಿ. ಮನೆ ಬಾಬುರಾಯನಕೊಪ್ಪಲಿನಲ್ಲಿ, ಅಂಗಡಿ ಶ್ರೀರಂಗಪಟ್ಟಣದ ಪೇಟೆಯಲ್ಲಿ. ಅಪ್ಪ ಕೂತಿದ್ದ ಜಾಗದಲ್ಲೇ ಕೂತು ಓಲೆ, ಮೂಗುತಿ, ತಾಳಿಗುಂಡು ಮಾಡಿಕೊಂಡು ಬಂದವನು. ದಿನವಿಡೀ ಚಕ್ಕಳಮಕ್ಕಳ ಹಾಕಿ ಕೂರುವ ಕೆಲಸ. ಸಕ್ಕರೆ ಕಾಯಿಲೆ ಬಾಗಿಲಿಗೆ ಬಂದು ನಿಂತಾಗ ಹೆದರಿ ನಡೆಯಲು ಶುರುಮಾಡಿದೆ. ನಡಿಗೆ ಬೇಜಾರಾಗಿ ಓಡಲು ಶುರುಮಾಡಿದೆ. ಮೊದಲ ದಿನ ಒಂದು ಕರೆಂಟು ಕಂಬದಿಂದ ಇನ್ನೊಂದು ಕಂಬಕ್ಕೆ ಓಡಿ, ಮಂಡಿ ಹಿಡಿದು ಬಗ್ಗಿ ನಿಂತಿದ್ದೆ. ಡೈರಿಗೆ ಹಾಲು ಹಾಕಲು ಹೊರಟವನೊಬ್ಬ ಸೈಕಲ್ ನಿಲ್ಲಿಸಿ, "ಯಾಕ್ ಆಚಾರ್ರೇ, ಯಾರಾರ ಅಟ್ಟುಸ್ಕಂಡ್ ಬತ್ತಾವ್ರಾ?" ಎಂದು ಹಿಂದೆ ಮುಂದೆ ನೋಡಿದ. ಅವನಿಗೆ ನಿಜವಾಗಿಯೂ ಗಾಬರಿಯಾಗಿತ್ತು.

ನಾಲ್ಕು ವರ್ಷದಲ್ಲಿ ನಾನು ಇಪ್ಪತ್ತೊಂದು ಕಿಲೋಮೀಟರು ಓಡುವಷ್ಟಾದೆ. ಅಷ್ಟು ಸಾಲದೆ ಗುರುವೂ ಆದೆ. ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಕಡೆಯಿಂದೆಲ್ಲ ಓಡುವ ಹುಚ್ಚಿನವರು ಸೇರಿ ವಾಟ್ಸಾಪಿನಲ್ಲಿ ಒಂದು ಗ್ರೂಪು ಮಾಡಿಕೊಂಡಿದ್ದೆವು. ಬೆಳಿಗ್ಗೆಯಾದರೆ ಸಾಕು, ಯಾರು ಎಷ್ಟು ದೂರ ಓಡಿದರು, ಒಂದು ಕಿಲೋಮೀಟರಿಗೆ ಎಷ್ಟು ನಿಮಿಷ, ಯಾವ ಶೂ ಬೆರಳು ಕಚ್ಚುತ್ತದೆ, ಯಾವ ಸಾಕ್ಸಿಗೆ ಗುಳ್ಳೆ ಏಳುತ್ತದೆ ಎಂಬ ಮಾತು. ಹೊಣಕೆರೆ ಕಡೆಯ ಮೇಷ್ಟ್ರೊಬ್ಬರು ತೊಡೆಗೆ ಹರಳೆಣ್ಣೆ ಹಚ್ಚಿಕೊಂಡು ಓಡಿದರೆ ಉಜ್ಜುವುದಿಲ್ಲ ಎಂದು ಬರೆದರು. ಮಾರನೆಯ ದಿನ ಅರ್ಧ ಗ್ರೂಪಿನ ಚಡ್ಡಿಗಳು ಹಾಳಾದವು. ಇಂಥ ಮಾತಿಗೆಲ್ಲ ಕೊನೆಯ ತೀರ್ಪು ನನ್ನದು. ನಾನು ತೀರ್ಪು ಕೊಡದೆ ಸುಮ್ಮನೆ ಬಿಟ್ಟ ಒಂದು ಪ್ರಶ್ನೆಯೂ ನೆನಪಿಲ್ಲ.

ನಾಡಿಯ ಲೆಕ್ಕ ಶುರುಮಾಡಿದವನೂ ನಾನೇ. ಬೆಳಿಗ್ಗೆ ಎದ್ದ ಕೂಡಲೇ, ಹಾಸಿಗೆ ಬಿಡುವ ಮುಂಚೆ, ನಾಡಿ ತೋರಿಸುವ ಕೈಗಡಿಯಾರ ನೋಡಿ ಅಂಕಿಯನ್ನು ಗ್ರೂಪಿಗೆ ಹಾಕಬೇಕು. ಓಡಿ ಪಳಗಿದವರ ನಾಡಿ ನಿಧಾನವಾಗುತ್ತದೆ, ಹೃದಯ ಗಟ್ಟಿಯಾದ ಗುರುತು ಅದು ಎಂದು ಯಾವುದೋ ವಿಡಿಯೋದಲ್ಲಿ ಕೇಳಿದ್ದೆ. ಅದೇನೂ ಸುಳ್ಳಲ್ಲ. ಆದರೆ ನಾನು ಆ ವಿಡಿಯೋ ಪೂರ್ತಿ ನೋಡಿರಲಿಲ್ಲ. ಯಾರ ನಾಡಿ ಇಳಿಯಿತೋ ಅವರಿಗೆ ಎಲ್ಲರೂ ಚಪ್ಪಾಳೆಯ ಕೈಗಳನ್ನು ಕಳಿಸುವುದು ಪದ್ಧತಿಯಾಯಿತು. ನನ್ನದು ಐವತ್ತೆಂಟಕ್ಕೆ ಬಂದು ನಿಂತುಬಿಟ್ಟಿತ್ತು, ಏನು ಮಾಡಿದರೂ ಜಗ್ಗುತ್ತಿರಲಿಲ್ಲ.

ಆಮೇಲೆ ಗೌಡರು ಬಂದರು. ಪಾಂಡವಪುರ ತಾಲ್ಲೂಕಿನ ಕ್ಯಾತನಹಳ್ಳಿಯವರು, ಕಬ್ಬಿನ ಗದ್ದೆ, ನಾಲ್ಕು ಹಸು, ನನ್ನದೇ ವಯಸ್ಸು. ಮಗಳ ಓಲೆ ರಿಪೇರಿಗೆಂದು ಅಂಗಡಿಗೆ ಬಂದವರು ಗೋಡೆಯಲ್ಲಿ ನೇತುಹಾಕಿದ್ದ ನನ್ನ ಮೆಡಲುಗಳನ್ನು ನೋಡಿ, "ಇವು ಚಿನ್ನದ್ವಾ?" ಎಂದು ಕೇಳಿದರು. ಅಲ್ಲಿಂದ ಸ್ನೇಹ. ಇಂಥ ಶಿಷ್ಯ ಯಾವ ಗುರುವಿಗೂ ಸಿಗುವುದಿಲ್ಲ. ಹೇಳಿದ್ದನ್ನು ಅಕ್ಷರ ಬಿಡದೆ ಮಾಡುತ್ತಿದ್ದರು. ರಬ್ಬರ್ ಚಪ್ಪಲಿಯಲ್ಲಿ ಓಡುತ್ತಿದ್ದವರನ್ನು ಮೈಸೂರಿಗೆ ಕರೆದುಕೊಂಡು ಹೋಗಿ, ಹೆಬ್ಬೆರಳ ಮುಂದೆ ಒಂದು ಬೆರಳು ಜಾಗ ಇರುವ ಶೂ ಕೊಡಿಸಿದೆ. "ಎತ್ತಿಗೆ ಲಾಳ ಕಟ್ಟಿಸ್ದಂಗಾಯ್ತು ಬುಡಿ" ಎಂದರು. ಮಾತಾಡಿಕೊಂಡು ಓಡುವಷ್ಟು ನಿಧಾನ ಓಡಿ ಎಂದು ಹೇಳಿದ್ದಕ್ಕೆ, ಭಾನುವಾರ ಇಬ್ಬರೂ ನಾಲೆ ಏರಿಯ ಮೇಲೆ ಓಡುವಾಗ ಒಂದು ಕ್ಷಣವೂ ಬಾಯಿ ಮುಚ್ಚುತ್ತಿರಲಿಲ್ಲ. ಕಬ್ಬಿನ ಕೂಳೆಯಿಂದ ಹಿಡಿದು ಹಾಲಿನ ಡಿಗ್ರಿಯವರೆಗೆ ಎಲ್ಲ ಬರುತ್ತಿತ್ತು. ಮಾತು ಮುಗಿದುಹೋದರೆ ಸುಮ್ಮನೆ ಮಗ್ಗಿ ಹೇಳುತ್ತಿದ್ದರು.

ಓಟ ಶುರುವಾದ ಐದನೆಯ ತಿಂಗಳಿನಲ್ಲಿ ಅವರ ನಾಡಿ ಇಳಿಯತೊಡಗಿತು. ಅರವತ್ತರ ಆಸುಪಾಸಿನಲ್ಲಿದ್ದದ್ದು ಒಂದು ವಾರದಲ್ಲಿ ನಲವತ್ತೈದಾಯಿತು. ಆಮೇಲೆ ನಲವತ್ತೊಂದು. ಆಮೇಲೆ ಮೂವತ್ತೆಂಟು. ಗ್ರೂಪಿನಲ್ಲಿ ಚಪ್ಪಾಳೆಯ ಮಳೆ. ನನಗೆ ಹೊಟ್ಟೆ ಉರಿಯಿತು, ಅದನ್ನು ಮುಚ್ಚಿಡುವುದಿಲ್ಲ. ವಾಚು ಕೆಟ್ಟಿರಬೇಕೆಂದು ಆ ಭಾನುವಾರ ಅವರ ಮಣಿಕಟ್ಟು ಹಿಡಿದು ನಾನೇ ಒಂದು ನಿಮಿಷ ಎಣಿಸಿದೆ. ಗುಲಗಂಜಿಯಷ್ಟು ತೂಕದ ವ್ಯತ್ಯಾಸವನ್ನು ಕಂಡುಹಿಡಿಯುವ ಬೆರಳುಗಳಿವು ಎಂಬ ಜಂಬ ನನಗೆ. ಸರಿಯಾಗಿ ಮೂವತ್ತೆಂಟು ಬಂತು.

"ವಾಚು ಸರಿಯಾಗೇ ಅದೆ ಗೌಡ್ರೆ. ಹಾಲು ಮೊಸ್ರು ತಿಂದು ಬೆಳ್ದ ಮೈ ನಿಮ್ದು. ನಾವು ಇದ್ದಲು ಹೊಗೆ ಕುಡ್ದೋರು, ನಮ್ಗೆಲ್ಲಿ ಬತ್ತದೆ" ಎಂದೆ.

ಅವರು ಹುಡುಗಿಯಂತೆ ನಾಚಿಕೊಂಡರು. ಓಡುವಾಗಲೂ ಅವರ ನಾಡಿ ಐವತ್ತು ದಾಟುತ್ತಿರಲಿಲ್ಲ. ನಮ್ಮದೆಲ್ಲ ನೂರೈವತ್ತಕ್ಕೆ ಏರಿ ಕಿವಿಯಲ್ಲಿ ಢವಢವ ಎನ್ನುತ್ತಿದ್ದಾಗ ಅವರದು ಅಲ್ಲೇ. ಓಡುವ ಮನುಷ್ಯನ ನಾಡಿ ಏರದೆ ಇರುತ್ತದೆಯೇ? ಸ್ಕೂಲು ಮಗುವೂ ಕೇಳುವ ಪ್ರಶ್ನೆ ಇದು. ಕೆ.ಆರ್. ಪೇಟೆಯ ಲೈನ್‌ಮನ್ ಒಬ್ಬ ನಮ್ಮ ಜೊತೆ ಓಡುತ್ತಿದ್ದ, ಅವನು ಕೇಳಿಯೂ ಕೇಳಿದ. ನಾನು, "ಅದಕ್ಕೆ ಕಂಟ್ರೋಲು ಅಂತಾರೆ ಕಣ್ಲಾ" ಎಂದುಬಿಟ್ಟೆ. ಅವನೂ ತಲೆಯಾಡಿಸಿದ. ಗೌಡರಿಗೆ ಆಗಲೇ ಏದುಸಿರು ಬರುತ್ತಿತ್ತು. ಮಾತು ಕಡಿಮೆಯಾಗಿತ್ತು, ಮಗ್ಗಿಯೂ ನಿಂತಿತ್ತು. ನಾನು ಅದನ್ನು ಏಕಾಗ್ರತೆ ಅಂದುಕೊಂಡೆ.

ಒಂದು ಗುರುವಾರ ಹತ್ತು ಗಂಟೆ ಸುಮಾರಿಗೆ ಅಂಗಡಿಯಲ್ಲಿ ಓಲೆಗೆ ಬೆಸುಗೆ ಹಾಕುತ್ತಿದ್ದೆ. ಫೋನು ಬಂತು. ಗೌಡರ ಹೆಂಡತಿ.

"ಆಚಾರ್ರೇ, ಇವ್ರು ಬೆಳಿಗ್ಗೆ ಆಲ್ ಕರೆಯಕ್ ಕುಂತೋರು ಅಂಗೇ ಅಸಿನ ಒಟ್ಟೆಗೆ ತಲೆ ಒರಗಿಸ್ಕಂಡು ಕಣ್ ಮುಚ್ಬುಟ್ಟವ್ರೆ. ಕೂಗುದ್ರೆ ತಿಳೀನಿಲ್ಲ. ಕೈ ಮುಟ್ಟುದ್ರೆ ತಣ್ಣಗದೆ. ಪಾಂಡವಪುರಕ್ಕೋಗಿ ಡಾಕ್ಟ್ರಿಗೆ ತೋರ್ಸನ ಅಂದ್ರೆ, ಆಚಾರ್ರನ್ನ ಕೇಳು ಮೊದ್ಲು ಅಂತಾವ್ರೆ."

"ಏನೂ ಆಗಿಲ್ಲ ಕಣವ್ವ," ಎಂದೆ. ಬೆಸುಗೆ ಆರುತ್ತದೆ ಎಂಬ ಅವಸರ ನನಗೆ. "ಓಡೋರ ಮೈ ಅಂಗೇಯ. ನಾಡಿ ನಿಧಾನ ಆಯ್ತದೆ, ಮೈ ತಣ್ಣಗಾಯ್ತದೆ. ನಿಂಬೆಣ್ಣಿನ ಪಾನಕಕ್ಕೆ ಒಂದ್ ಚಿಟಿಕೆ ಉಪ್ಪಾಕಿ ಕೊಡಿ. ಡಾಕ್ಟ್ರತ್ರಕ್ಕೋದ್ರೆ ಸುಮ್ನೆ ಭಯ ಬೀಳ್ಸಿ ಓಟ ಬುಡಿಸ್ಬುಡ್ತಾರೆ."

ಆಕೆ, "ನೀವ್ ಯೋಳುದ್ರೆ ಸರಿ ಬುಡಿ" ಎಂದು ಫೋನಿಟ್ಟರು. ನಾನು ಮತ್ತೆ ಓಲೆ ಕೈಗೆತ್ತಿಕೊಂಡೆ.

ಶುಕ್ರವಾರ ಬೆಳಿಗ್ಗೆ ಗೌಡರು ಮೂವತ್ತಾರು ಎಂದು ಹಾಕಿದರು. ನಾನು, "ಭೇಷ್ ಗೌಡ್ರೆ, ಇನ್ನೂ ಇಳಿಸಿ" ಎಂದು ಬರೆದು ಮೂರು ಚಪ್ಪಾಳೆ ಕಳಿಸಿದೆ.

ಭಾನುವಾರ ಕ್ಯಾತನಹಳ್ಳಿಯ ನಾಲೆ ಏರಿಯ ಮೇಲೆ ನಾವು ಮೂವರು, ಗೌಡರು, ಲೈನ್‌ಮನ್, ನಾನು. ನಾಲೆಯಲ್ಲಿ ನೀರು ತುಂಬಿ ಹರಿಯುತ್ತಿತ್ತು. ಮೂರನೆಯ ಕಿಲೋಮೀಟರಿನಲ್ಲಿ ಗೌಡರು ನನ್ನ ತೋಳು ಹಿಡಿದು, "ಆಚಾರ್ರೇ, ಯಾಕೋ ಕಣ್ಗೆ ಕತ್ಲು" ಎಂದರು. ಅಷ್ಟೇ. ಗದ್ದೆಯ ಕಡೆಗೆ ಒರಗಿ ಬಿದ್ದರು. ನಾಲೆಯ ಕಡೆಗೆ ಬಿದ್ದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ಅವರ ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು, ಕಣ್ಣು ಅರ್ಧ ತೆರೆದಿತ್ತು. ಲೈನ್‌ಮನ್ ಕಾರು ತರಲು ಓಡಿದ. ಆ ದಿನ ಅವನು ಓಡಿದ ವೇಗದಲ್ಲಿ ನಮ್ಮ ಗ್ರೂಪಿನಲ್ಲಿ ಯಾರೂ ಎಂದೂ ಓಡಿಲ್ಲ. ನಾನು ಮಣಿಕಟ್ಟು ಹಿಡಿದು ಕೂತೆ. ಬೆರಳಿಗೆ ಏನೂ ಸಿಗಲಿಲ್ಲ. ಕಾದೆ. ಇನ್ನೂ ಏನೂ ಇಲ್ಲ. ಗೌಡರು ಹೋಗಿಬಿಟ್ಟರು ಅಂದುಕೊಂಡೆ. ಆಗ ಒಂದು ಬಡಿತ ಬಂತು. ಮತ್ತೆ ನಿಂತಿತು. ಆ ಎರಡು ಬಡಿತಗಳ ನಡುವೆ ನಾನು ಪಟ್ಟ ಪಾಡನ್ನು ಯಾವ ಶತ್ರುವೂ ಪಡಬಾರದು. ಇನ್ನೊಂದು ಬರಲಿ, ಇನ್ನೊಂದು ಬರಲಿ ಎಂದು ಜೋರಾಗಿ ಹೇಳುತ್ತಿದ್ದೆನಂತೆ, ಗದ್ದೆಯಲ್ಲಿದ್ದವರು ಆಮೇಲೆ ಹೇಳಿದರು.

ದಾರಿಯಲ್ಲಿ ಗೌಡರು ಕಣ್ಣು ಬಿಟ್ಟರು, ಮತ್ತೆ ಮುಚ್ಚಿದರು. ಮೈಸೂರಿನ ಆಸ್ಪತ್ರೆಯಲ್ಲಿ ಅವರನ್ನು ತಳ್ಳುಗಾಡಿಯಲ್ಲಿ ಮಲಗಿಸಿಕೊಂಡು ಒಳಗೆ ಹೋದರು. ಬೆವರಿನ ಬನಿಯನ್ನು, ಚಡ್ಡಿ, ಕಾಲಲ್ಲಿ ಗಿಳಿಹಸಿರು ಶೂ ಹಾಕಿಕೊಂಡು ನಾವಿಬ್ಬರು ಹೊರಗೆ ನಿಂತೆವು. ಅಷ್ಟರಲ್ಲಿ ಗೌಡರ ಹೆಂಡತಿ ತಮ್ಮನ ಜೊತೆ ಬಂದರು. ಗೋಡೆಗೆ ಒರಗಿ ನಿಂತರು.

ಚಿಕ್ಕ ವಯಸ್ಸಿನ ಡಾಕ್ಟರಮ್ಮ ಹೊರಗೆ ಬಂದು, "ಪಲ್ಸ್ ಇಷ್ಟು ಕಡಿಮೆ ಎಷ್ಟು ದಿನದಿಂದ ಇದೆ, ಯಾರಿಗಾದ್ರೂ ಗೊತ್ತಾ?" ಎಂದರು.

ಗೊತ್ತಿತ್ತು. ನಮ್ಮಷ್ಟು ಚೆನ್ನಾಗಿ ಯಾರಿಗೆ ಗೊತ್ತಿರಬೇಕು? ಲೈನ್‌ಮನ್ ಪಾಪ, ಸಹಾಯವಾಗಲಿ ಎಂದು ಗ್ರೂಪು ತೆರೆದು ಫೋನನ್ನೇ ಕೊಟ್ಟುಬಿಟ್ಟ. ಡಾಕ್ಟರಮ್ಮ ಬೆರಳಿನಲ್ಲಿ ಸರಿಸುತ್ತಾ ಹೋದರು. ಮೊದಲು ಅವರಿಗೆ ಅದೇನೆಂದು ಅರ್ಥವಾಗಲಿಲ್ಲ. ಆಮೇಲೆ ಹುಬ್ಬು ಗಂಟಾಯಿತು.

"ನಲವತ್ತೊಂದು. ಇದಕ್ಕೆ ಚಪ್ಪಾಳೆ. ಮೂವತ್ತೆಂಟು. ಇದಕ್ಕೂ ಚಪ್ಪಾಳೆ. ಮೂವತ್ತಾರು." ನಿಂತರು. ಓದಿದರು. "'ಭೇಷ್ ಗೌಡ್ರೆ, ಇನ್ನೂ ಇಳಿಸಿ.' ಯಾರ್ರೀ ಇದು ಬರ್ದಿರೋದು?"

ಕೈ ಎತ್ತಿದೆ, ತರಗತಿಯಲ್ಲಿ ತಪ್ಪು ಮಾಡಿದವನು ಎತ್ತುವ ಹಾಗೆ.

ಆಕೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಹೃದಯದ ಮೇಲಿನ ಕೋಣೆಯಿಂದ ಕೆಳಗಿನ ಕೋಣೆಗೆ ಹೋಗುವ ಕರೆಂಟಿನ ದಾರಿಯೇ ಕಡಿದುಹೋಗಿದೆ, ಕೆಳಗಿನದು ತನ್ನಷ್ಟಕ್ಕೆ ತಾನು ಹೇಗೋ ಬಡಿದುಕೊಳ್ಳುತ್ತಿದೆ ಎಂದು ವಿವರಿಸಿದರು. ಲೈನ್‌ಮನ್ನಿಗೆ ತಕ್ಷಣ ಅರ್ಥವಾಯಿತು, ಅವನು ಬೆಂಚಿನ ಮೇಲೆ ಕುಸಿದು ಕೂತ. "ಇದು ಓಟದಿಂದ ಬಂದಿದ್ದಲ್ಲ. ಓಡದೇ ಇದ್ರೂ ಬರ್ತಿತ್ತು. ಆದ್ರೆ ಪಲ್ಸ್ ಇಳಿಯೋಕೆ ಶುರುವಾದಾಗಲೇ ಕರ್ಕೊಂಡು ಬರಬಹುದಿತ್ತಲ್ಲ. ಇವತ್ತು ಬದುಕಿರೋದು ಅದೃಷ್ಟ" ಎಂದು ಹೇಳಿ, ಕಾಗದಕ್ಕೆ ಸಹಿ ಹಾಕಿಸಿಕೊಂಡು ಒಳಗೆ ಹೋದರು.

ಗೌಡರ ಹೆಂಡತಿ ಆಗ ನನ್ನ ಕಡೆ ತಿರುಗಿದರು. ಕಣ್ಣಲ್ಲಿ ನೀರಿರಲಿಲ್ಲ, ಸಿಟ್ಟೂ ಇರಲಿಲ್ಲ. ಲೆಕ್ಕ ತಾಳೆಯಾಗದವರ ಮುಖ.

"ನಾನು ಪೋನ್ ಮಾಡುದ್ನಲ್ಲ ಆಚಾರ್ರೇ" ಎಂದರು.

"ಮಾಡುದ್ರಿ ಕಣವ್ವ" ಎಂದೆ.

ಕತ್ತಿನ ನರದಿಂದ ತಂತಿ ಇಳಿಸಿ, ಹೊರಗಿನ ಒಂದು ಪೆಟ್ಟಿಗೆಯಿಂದ ಹೃದಯ ಬಡಿಯುವ ಹಾಗೆ ಮಾಡಿದರು. ಎರಡು ದಿನ ಬಿಟ್ಟು ಎದೆಯ ಚರ್ಮದ ಕೆಳಗೇ ಒಂದು ಚಿಕ್ಕ ಯಂತ್ರ ಇಡುತ್ತೇವೆ, ಆಮೇಲೆ ಮನುಷ್ಯ ಮೊದಲಿನಂತೆ ಆಗುತ್ತಾನೆ ಎಂದರು. ಮಧ್ಯಾಹ್ನ ಒಬ್ಬೊಬ್ಬರನ್ನೇ ಒಳಗೆ ಬಿಟ್ಟರು. ಮೊದಲು ಹೆಂಡತಿ ಹೋಗಿ ಬಂದರು. "ನಿಮ್ಮುನ್ನ ಕರೀತಾವ್ರೆ" ಎಂದರು. ಉಗಿಸಿಕೊಳ್ಳಲು ಸಿದ್ಧನಾಗಿ, ಕಾಲಿಗೆ ಬೀಳುವುದಕ್ಕೂ ಸಿದ್ಧನಾಗಿ ಹೋದೆ.

ಗೌಡರ ಮುಖಕ್ಕೆ ಬಣ್ಣ ಬಂದಿತ್ತು. ಆದರೆ ಸಪ್ಪಗಿದ್ದರು. ನನ್ನನ್ನು ನೋಡಲಿಲ್ಲ, ತಲೆಯ ಪಕ್ಕದ ಪರದೆ ನೋಡುತ್ತಿದ್ದರು. ಅದರಲ್ಲಿ ಎಪ್ಪತ್ತು ಎಂದು ಹಸಿರಾಗಿ ಕಾಣುತ್ತಿತ್ತು.

"ಎಪ್ಪತ್ತುಕ್ ಓಗ್ಬುಟ್ಟದೆ ಆಚಾರ್ರೇ" ಎಂದರು, ದನಿಯೇ ಇರಲಿಲ್ಲ. "ಐದಾರ್ ತಿಂಗ್ಳು ಓಡುದ್ದೆಲ್ಲ ಒಂದೇ ದಿನಕ್ ಓಯ್ತು. ಬೇಜಾರ್ ಮಾಡ್ಕೋಬ್ಯಾಡಿ. ಇವ್ರು ಮನೆಗ್ ಬುಟ್ ಮ್ಯಾಲೆ ಮತ್ತೆ ಇಳಿಸ್ತೀನಿ. ಗ್ರೂಪ್ನಾಗೆ ಮಾತ್ರ ಯೋಳ್ಬ್ಯಾಡಿ."

ಅಷ್ಟು ಹೊತ್ತೂ ತಡೆದುಕೊಂಡಿದ್ದವನು ಅಲ್ಲಿ ಅತ್ತುಬಿಟ್ಟೆ. ನರ್ಸು ತಿರುಗಿ ನೋಡಿದರು. ಮಂಚದ ಕಂಬಿ ಹಿಡಿದುಕೊಂಡು ಹೇಳಿದೆ, ಎಪ್ಪತ್ತೇ ಸರಿ ಗೌಡ್ರೆ, ಇಳಿದದ್ದು ಓಟದಿಂದಲ್ಲ, ಅದು ಕಾಯಿಲೆ, ನಿಮ್ಮ ಹೃದಯ ದಿನದಿನಕ್ಕೂ ನಿಲ್ಲುತ್ತಾ ಬಂದಿತ್ತು, ನನಗೆ ಅದು ತಿಳಿಯಲಿಲ್ಲ, ನಾನು ಹೇಳಿದ್ದೆಲ್ಲ ತಪ್ಪು. ಒಂದನ್ನೂ ಬಿಡದೆ ಹೇಳಿದೆ, ಅವರ ಹೆಂಡತಿಗೆ ಪಾನಕ ಕೊಡಲು ಹೇಳಿದ್ದನ್ನೂ.

ಅವರು ಪೂರ್ತಿ ಕೇಳಿಸಿಕೊಂಡರು. ಪರದೆ ನೋಡಿದರು, ನನ್ನನ್ನು ನೋಡಿದರು. ಸಿಟ್ಟಾಗುತ್ತಾರೆಂದು ಕಾದೆ. ಸಿಟ್ಟಿನ ಸುಳಿವೇ ಇರಲಿಲ್ಲ. ಅವರಿಗೆ ಒಂದು ವಿಷಯ ಮಾತ್ರ ಅರ್ಥವಾಗಿರಲಿಲ್ಲ, ಅದನ್ನು ಮೆಲ್ಲಗೆ, ಶಿಷ್ಯ ಗುರುವನ್ನು ಕೇಳುವ ಹಾಗೆಯೇ ಕೇಳಿದರು.

"ಮತ್ತೆ ಎಲ್ರೂವೆ ಚಪ್ಪಾಳೆ ತಟ್ಟುದ್ರಲ್ಲ?"