ಬೋರೇಗೌಡರ ಗತ್ತಿನ ನಡಿಗೆ

ನಿವೃತ್ತನಾದ ಹೊಸತರಲ್ಲಿ, ಮನೆಯಲ್ಲಿ ಸುಮ್ಮನೆ ಕೂರಲಾರದೆ, ಪಾಂಡವಪುರದ ಕಾಲುನೋವಿನ ಶಿಬಿರವೊಂದರಲ್ಲಿ ವೀಡಿಯೋ ಕ್ಯಾಮೆರಾ ಹಿಡಿಯಲು ಒಪ್ಪಿಕೊಂಡೆ. ರೋಗಿಗಳು ಹಜಾರದಲ್ಲಿ ನಡೆಯುವುದು, ನಾನು ಚಿತ್ರ ಹಿಡಿಯುವುದು, ಡಾಕ್ಟರು ಆ ಕ್ಯಾಸೆಟ್ಟನ್ನು ನಿಧಾನವಾಗಿ ಓಡಿಸಿ ಹಿಮ್ಮಡಿ, ಬೆರಳು, ಮಂಡಿ ಏನೇನು ಮಾಡುತ್ತಿವೆಯೆಂದು ನೋಡುವುದು.

ಬದುವಿನ ಮೇಲೆ ಎಡವಿ ಎಡವಿ ಬೀಳುತ್ತೇನೆಂದು ಕಿರಂಗೂರಿನ ಬೋರೇಗೌಡರು ಹೆಂಡತಿಯೊಡನೆ ಬಂದರು. ಆ ಕಾಲಕ್ಕೆ ನಮ್ಮ ಕಡೆ ವೀಡಿಯೋ ಅಂದರೆ ಮದುವೆಯದು ತಾನೆ? ಗೌಡರು ತಲೆ ಬಾಚಿಕೊಂಡು, ಪಂಚೆ ಎತ್ತಿಕಟ್ಟಿ, ಬಲಮಂಡಿಯನ್ನು ಮೇಲಕ್ಕೆತ್ತಿ ಎತ್ತಿ, ಮೆರವಣಿಗೆ ಕುದುರೆಯ ಹಾಗೆ ನಡೆದರು.

“ಗೌಡ್ರೇ, ಇದು ಮದುವೆ ವೀಡಿಯೋ ಅಲ್ಲ. ಮಾಮೂಲಿಯಾಗಿ ನಡೀರಿ,” ಎಂದೆ.

“ಮಾಮೂಲಿನೇ ನಡೀತಾ ಇವ್ನಿ ಸ್ವಾಮಿ!”

“ಊರಲ್ಲೂ ಇದೇ ಗತ್ತು ಕಣಪ್ಪ,” ಎಂದರು ಹೆಂಡತಿ. “ಇನ್‌ಸ್ಪೆಕ್ಟ್ರು ಬಂದ್ರು ಅಂತ ಎಲ್ರೂ ನಗ್ತಾರೆ.”

ನಾನೂ ನಕ್ಕೆ. ಕ್ಯಾಸೆಟ್ ನೋಡಿದ ಡಾಕ್ಟರು ನಗಲಿಲ್ಲ. “ಇದು ಗತ್ತಲ್ಲಮ್ಮ. ಪಾದ ಜೋಲುಬಿದ್ದಿದೆ. ಬೆರಳು ನೆಲಕ್ಕೆ ತಗುಲದಿರಲಿ ಅಂತ ಮಂಡಿ ಎತ್ತುತ್ತಾರೆ. ಮಂಡಿ ಪಕ್ಕದ ನರ ಒತ್ತಿಹೋಗಿದೆ. ತುಂಬ ಹೊತ್ತು ಕುಕ್ಕರಗಾಲಲ್ಲಿ ಕೂರುತ್ತಾರಾ?”

“ಕಳೆ ಕೀಳ್ತೀನಲ್ಲ ಸಾ,” ಎಂದರು ಗೌಡರು, ಬಲು ಗಂಭೀರವಾಗಿ.

“ಕಳೆ ಕೀಳೋಳು ನಾನು!” ಹೆಂಡತಿ ಸಿಡಿದರು. “ಈವಯ್ಯ ಬೆಳಗಿಂದ ಸಂಜೆಗಂಟ ಅರಳೀಕಟ್ಟೆ ಮ್ಯಾಲೆ ಕುಕ್ಕರಿಸ್ಕಂಡು ಇಸ್ಪೀಟಾಡ್ತದೆ!”

ಇನ್ನು ಕುರ್ಚಿ ಮೇಲೇ ಕೂರಬೇಕೆಂದು ಡಾಕ್ಟರು ಕಟ್ಟುನಿಟ್ಟು ಮಾಡಿದರು. ಕೆಲವು ತಿಂಗಳಲ್ಲಿ ಪಾದ ಸರಿಹೋಯಿತು. ಅಷ್ಟರಲ್ಲಿ ಕಟ್ಟೆಯವರು ಮಾತ್ರ ಗೌಡರನ್ನು ಆಟದಿಂದಲೇ ಹೊರಗೆ ಹಾಕಿದ್ದರು. ಸುತ್ತ ಎಲ್ಲರೂ ಕುಕ್ಕರಿಸಿರುವಾಗ ಒಬ್ಬರೇ ಕುರ್ಚಿಯಲ್ಲಿ ಕೂತರೆ, ಮೇಲಿನಿಂದ ಎಲ್ಲರ ಕೈಯಲ್ಲಿನ ಇಸ್ಪೀಟೆಲೆಯೂ ಕಾಣುತ್ತದಲ್ಲ!